ಹಳೆಯ ಪೇಜ್‌ಮೇಕರ್ ಕೆಲಸಕ್ಕೆ ಕಡಿಮೆ ಖರ್ಚಿನ ಮಿನಿ ಪಿಸಿಯಲ್ಲಿ ವಿಂಡೋಸ್ 7: ಕಾಸರಗೋಡಿನ ಪ್ರೆಸ್ಸು, ಡಿಟಿಪಿಯವರಿಗೆ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯ ಡಿಟಿಪಿ ಸೆಂಟರುಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಹಳೆ ಕಂಪ್ಯೂಟರ್ ಕೆಟ್ಟಿತು, ಸಣ್ಣ ಮಿನಿ ಪಿಸಿ ತೆಗೆದುಕೊಂಡೆವು, ಇದಕ್ಕೆ ವಿಂಡೋಸ್ 7 ಹಾಕಬಹುದಾ?" ಕಾರಣವೂ ಎಲ್ಲರದ್ದೂ ಒಂದೇ. ಹದಿನೈದಿಪ್ಪತ್ತು ವರ್ಷಗಳ ಬ್ರಹ್ಮಕಲಶದ ಆಮಂತ್ರಣ, ಮದುವೆ ಕಾಗದ, ರಶೀದಿ ಪುಸ್ತಕ, ಯಕ್ಷಗಾನದ ಕರಪತ್ರ ಎಲ್ಲವೂ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಹಳೆ ತಂತ್ರಾಂಶದ ಫೈಲುಗಳಲ್ಲಿವೆ. ಕನ್ನಡ ಇರುವುದು ನುಡಿ ಅಥವಾ ಶ್ರೀಲಿಪಿಯಲ್ಲಿ, ಮಲಯಾಳ ಇರುವುದು ಐಎಸ್‌ಎಂ ತಂತ್ರಾಂಶದ ಎಂಎಲ್ ಫಾಂಟುಗಳಲ್ಲಿ. ಒಂದೇ ಪುಟದಲ್ಲಿ ಎರಡೂ ಭಾಷೆ ಬೇಕಾಗುವ ಊರು ನಮ್ಮದು. ಹಾಗಾಗಿ ಎರಡರಲ್ಲಿ ಒಂದು ಓಡದಿದ್ದರೂ ಕೆಲಸ ನಿಂತ ಹಾಗೆಯೇ.

ಉತ್ತರ: ಹಾಕಬಹುದು, ಆದರೆ ಎಲ್ಲ ಮಿನಿ ಪಿಸಿಗೂ ಅಲ್ಲ. ಈ ಕೆಲಸದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಎಡವುವುದು ಇನ್‌ಸ್ಟಾಲ್ ಮಾಡುವಾಗ ಅಲ್ಲ, ಅಂಗಡಿಯಲ್ಲಿ ಪೆಟ್ಟಿಗೆ ಆರಿಸುವಾಗ. ಆದ್ದರಿಂದ ದುಡ್ಡು ಕೊಡುವ ಮೊದಲೇ ಇದನ್ನು ಓದಿ.

ವಿಂಡೋಸ್ 7 ನಿಜವಾಗಿ ಬೇಕಾ?

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಅದರ ಕೊನೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅಂದರೆ ಈಗಿನ ಫೋನಿನಲ್ಲಿ ನಾವು ಬರೆಯುವ ಕನ್ನಡವನ್ನು ಅದು ಓದುವುದಿಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಫಾಂಟುಗಳೇ ಬೇಕು. ಇಷ್ಟಕ್ಕೇ ಆದರೆ ವಿಂಡೋಸ್ 10ರಲ್ಲೂ ಅನೇಕರು ಹೇಗೋ ನಡೆಸುತ್ತಿದ್ದಾರೆ. ನಿಮ್ಮ ಬಳಿ ಇರುವುದು ಬರೀ ನುಡಿ ಫಾಂಟ್ ಮತ್ತು ಪೇಜ್‌ಮೇಕರ್ ಆದರೆ ಮೊದಲು ಅಲ್ಲೇ ಪ್ರಯತ್ನಿಸಿ.

ವಿಂಡೋಸ್ 7 ಅನಿವಾರ್ಯ ಆಗುವುದು ಮುಖ್ಯವಾಗಿ ಮೂರು ಕಡೆ. ಒಂದು, ಡಾಂಗಲ್. ತಂತ್ರಾಂಶ ಓಡಬೇಕಾದರೆ ಯುಎಸ್‌ಬಿಗೆ ಚುಚ್ಚಲೇಬೇಕಾದ ಆ ಬೀಗದ ತುಂಡಿಗೆ ಹಳೆಯ ಡ್ರೈವರ್ ಮಾತ್ರ ಇರುವುದು. ಡ್ರೈವರ್ ಅಂದರೆ ಯಂತ್ರಭಾಗವನ್ನೂ ವಿಂಡೋಸನ್ನೂ ಮಾತಾಡಿಸುವ ಸಣ್ಣ ತಂತ್ರಾಂಶ. ಎರಡು, ಹೊಸ ವಿಂಡೋಸಿಗೆ ಡ್ರೈವರ್ ಸಿಗದ ಹಳೆ ಪ್ರಿಂಟರ್, ಸ್ಕ್ಯಾನರ್. ಮೂರು, ಡಾಸ್ ಕಾಲದ, ಅಂದರೆ ವಿಂಡೋಸಿಗಿಂತ ಮೊದಲಿನ ಕಾಲದ ಬಿಲ್ಲಿಂಗ್ ಪ್ರೋಗ್ರಾಂ. ಅಡಿಕೆ ವ್ಯಾಪಾರದ ಕೆಲವು ಅಂಗಡಿಗಳಲ್ಲಿ ಇಂಥದ್ದು ಇನ್ನೂ ಓಡುತ್ತಿದೆ.

ಡಾಂಗಲ್ ಇಲ್ಲ, ಹಳೆ ಪ್ರಿಂಟರೂ ಇಲ್ಲ ಎಂದಾದರೆ ಇನ್ನೊಂದು ಸುಲಭದ ದಾರಿ ಇದೆ. ಹೊಸ ಮಿನಿ ಪಿಸಿಯಲ್ಲಿ ಹೊಸ ವಿಂಡೋಸನ್ನೇ ಇಟ್ಟು, ಅದರೊಳಗೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ವಿಂಡೋಸ್ 7 ಓಡಿಸುವುದು. ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ. ಡ್ರೈವರಿನ ತಲೆಬಿಸಿ ಹೆಚ್ಚಿಲ್ಲ, ನಕಲು ಇಡುವುದೂ ಸುಲಭ. 8 ಜಿಬಿ ರ‍್ಯಾಮ್ ಇದ್ದರೆ ಅದರಲ್ಲಿ 2 ಜಿಬಿ ಒಳಗಿನ ವಿಂಡೋಸಿಗೆ ಕೊಟ್ಟರೆ ಪೇಜ್‌ಮೇಕರಿಗೆ ಧಾರಾಳ.

ಯಾವ ಪೆಟ್ಟಿಗೆ ಕೊಳ್ಳಬೇಕು

ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಕಾಣುವ ಹೊಸ ಮಿನಿ ಪಿಸಿಗಳಲ್ಲಿ ಬಹಳಷ್ಟು ಇಂಟೆಲ್ ಎನ್100 ಅಥವಾ ಅದರ ಬಂಧುಗಳು. ವಿಂಡೋಸ್ 7ಕ್ಕೆ ಇವು ಬೇಡ. ಈ ಪ್ರೊಸೆಸರ್ ಬಂದದ್ದು 2023ರಲ್ಲಿ, ಆ ಹೊತ್ತಿಗೆ ವಿಂಡೋಸ್ 7ರ ಬೆಂಬಲ ಮುಗಿದು ಮೂರು ವರ್ಷ ಆಗಿತ್ತು. ಇದರ ಗ್ರಾಫಿಕ್ಸ್‌ಗೆ ವಿಂಡೋಸ್ 7 ಡ್ರೈವರ್ ಇಲ್ಲ. ಯುಎಸ್‌ಬಿ ಪೂರ್ತಿ ಹೊಸ ನಮೂನೆಯದ್ದು, ವಿಂಡೋಸ್ 7ರ ಡಿವಿಡಿಗೆ ಅದರ ಗುರುತೇ ಇಲ್ಲ. ಹೀಗಾಗಿ ಇನ್‌ಸ್ಟಾಲ್ ಪರದೆ ಬಂದರೂ ಕೀಬೋರ್ಡು, ಮೌಸು ಸತ್ತು ಹೋಗಿರುತ್ತವೆ. ಇಂಥ ಅನೇಕ ಪೆಟ್ಟಿಗೆಗಳಲ್ಲಿ ಹಳೆ ಪದ್ಧತಿಯ ಬೂಟ್ (ಆನ್ ಆದಾಗ ವಿಂಡೋಸನ್ನು ಎಬ್ಬಿಸುವುದು) ಸೌಲಭ್ಯವೂ ಇರುವುದಿಲ್ಲ, ಆಗ ವಿಂಡೋಸ್ 7ರ ಲಾಂಛನ ಬಂದಲ್ಲಿಗೇ ನಿಂತುಬಿಡುತ್ತದೆ. "ನಾವು ಹಾಕಿ ಕೊಡುತ್ತೇವೆ" ಎಂದು ಹೇಳುವ ಅಂಗಡಿಯವರಿಗೆ, ಹಾಕಿ ತೋರಿಸಿದ ಮೇಲೆ ದುಡ್ಡು ಕೊಡುತ್ತೇವೆ ಎನ್ನಿ.

ಕೊಳ್ಳಬೇಕಾದದ್ದು ಕಂಪೆನಿ ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಇಂಟೆಲ್ 4ನೇ ಪೀಳಿಗೆಯದ್ದು. ಲೆನೊವೊ ಥಿಂಕ್‌ಸೆಂಟರ್ ಎಂ93ಪಿ ಟೈನಿ, ಎಂ73 ಟೈನಿ. ಡೆಲ್ ಆಪ್ಟಿಪ್ಲೆಕ್ಸ್ 3020 ಮೈಕ್ರೊ, 9020 ಮೈಕ್ರೊ. ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ1 ಡೆಸ್ಕ್‌ಟಾಪ್ ಮಿನಿ ಈ ಸಾಲಿನವು. ಪ್ರೊಸೆಸರ್ ಹೆಸರಿನಲ್ಲಿ ಗೆರೆಯ ನಂತರದ ನಾಲ್ಕು ಅಂಕಿಗಳು 4ರಿಂದ ಶುರುವಾದರೆ, ಉದಾಹರಣೆಗೆ ಐ5-4590ಟಿ, ಅದು 4ನೇ ಪೀಳಿಗೆ. ಇವು ಬಂದ ಕಾಲದಲ್ಲಿ ಕಚೇರಿಗಳಲ್ಲಿ ವಿಂಡೋಸ್ 7 ಓಡುತ್ತಿತ್ತು, ಆದ್ದರಿಂದ ಎಲ್ಲ ಭಾಗಕ್ಕೂ ಡ್ರೈವರ್ ಇದೆ. ಹಳೆ ನಮೂನೆಯ ಯುಎಸ್‌ಬಿ ನಿಯಂತ್ರಕವೂ ಇದೆ.

6ನೇ ಪೀಳಿಗೆಯಲ್ಲೂ ಆಗುತ್ತದೆ, ಆದರೆ ಅಲ್ಲಿಂದ ಇಂಟೆಲ್ ಹಳೆ ಯುಎಸ್‌ಬಿ ನಿಯಂತ್ರಕವನ್ನು ತೆಗೆದುಹಾಕಿತು. ಪೆನ್‌ಡ್ರೈವಿನೊಳಗಿನ ಇನ್‌ಸ್ಟಾಲ್ ಫೈಲುಗಳಿಗೆ ಯುಎಸ್‌ಬಿ 3.0 ಡ್ರೈವರ್ ಮೊದಲೇ ಸೇರಿಸಬೇಕಾಗುತ್ತದೆ. ಗಿಗಾಬೈಟ್, ಎಎಸ್‌ರಾಕ್ ಮದರ್‌ಬೋರ್ಡ್ ಕಂಪೆನಿಗಳು ಇದಕ್ಕೆಂದೇ ಉಪಕರಣ ಮಾಡಿದ್ದವು. ಮಾಡಿ ಅಭ್ಯಾಸ ಇದ್ದವರಿಗೆ ಸರಿ, ಮೊದಲ ಸಲದವರಿಗೆ ಸುಮ್ಮನೆ ತೊಂದರೆ. 7ನೇ ಪೀಳಿಗೆಯಿಂದ ಮುಂದೆ ನೋಡಲೇಬೇಡಿ. 2017ರಲ್ಲಿ ಮೈಕ್ರೋಸಾಫ್ಟ್ ಆ ಪ್ರೊಸೆಸರುಗಳ ಮೇಲೆ ವಿಂಡೋಸ್ 7ಕ್ಕೆ ಅಪ್‌ಡೇಟ್ ಕೊಡುವುದನ್ನೇ ತಡೆಹಿಡಿಯಿತು.

ಅಂಗಡಿಯಲ್ಲಿ ನೋಡಬೇಕಾದದ್ದು:

ಅಡಾಪ್ಟರ್ ಜೊತೆಗೇ ಕೊಡುತ್ತಾರಾ? ಲೆನೊವೊಗೆ 20 ವೋಲ್ಟ್, ಡೆಲ್ ಮತ್ತು ಎಚ್‌ಪಿಗೆ 19.5 ವೋಲ್ಟ್, 65 ವಾಟ್. ಪಿನ್ನು ಒಂದೊಂದಕ್ಕೆ ಒಂದೊಂದು ತರ, ಆಮೇಲೆ ಹುಡುಕುವುದು ಕಷ್ಟ. ಬಯಾಸ್‌ಗೆ ಪಾಸ್‌ವರ್ಡ್ ಹಾಕಿದ್ದಾರಾ ಎಂದು ಆನ್ ಮಾಡಿಸಿ ನೋಡಿ. ಬಯಾಸ್ ಅಂದರೆ ಕರೆಂಟು ಕೊಟ್ಟ ಕೂಡಲೇ, ವಿಂಡೋಸ್ ಬರುವ ಮೊದಲು ಏಳುವ ಸೆಟ್ಟಿಂಗ್ ಪದರ. ಕಂಪೆನಿಯವರು ಹಾಕಿದ ಪಾಸ್‌ವರ್ಡ್ ಉಳಿದಿದ್ದರೆ ಆ ಪೆಟ್ಟಿಗೆ ನಿಮಗೆ ಉಪಯೋಗಕ್ಕಿಲ್ಲ. ಪೆಟ್ಟಿಗೆಯ ಅಡಿ ಅಥವಾ ಬದಿಯಲ್ಲಿ ವಿಂಡೋಸ್ 7 ಪ್ರೊ ಸ್ಟಿಕ್ಕರ್ ಇದ್ದು, ಅದರ 25 ಅಕ್ಷರಗಳ ಕೀ ಓದಲು ಬರುವಂತಿದ್ದರೆ ಅಂಥದ್ದನ್ನೇ ಆರಿಸಿ. ಒಂದೇ ಬೆಲೆಯ ಎರಡರಲ್ಲಿ ಇದೇ ದೊಡ್ಡ ವ್ಯತ್ಯಾಸ.

ನಿಮ್ಮ ಡಾಂಗಲ್ ಪ್ಯಾರಲಲ್ ಪೋರ್ಟಿನದ್ದಾದರೆ, ಅಂದರೆ ಹಳೆ ಪ್ರಿಂಟರಿನ 25 ಪಿನ್ನಿನ ಅಗಲ ಬಾಯಿಗೆ ಕೂರುವಂಥದ್ದಾದರೆ, ಮಿನಿ ಪಿಸಿಯ ಆಸೆ ಬಿಡಿ. ಮಾರುಕಟ್ಟೆಯಲ್ಲಿ ಸಿಗುವ ಯುಎಸ್‌ಬಿ–ಪ್ಯಾರಲಲ್ ಕೇಬಲ್ ಪ್ರಿಂಟರಿಗೆ ಮಾತ್ರ ಆಗುತ್ತದೆ, ಡಾಂಗಲಿಗೆ ಆಗುವುದಿಲ್ಲ. ಪ್ಯಾರಲಲ್ ಪೋರ್ಟ್ ಇರುವ ದೊಡ್ಡ ಡೆಸ್ಕ್‌ಟಾಪನ್ನೇ ಹುಡುಕಬೇಕು.

ಜೋಡಿಸಿಕೊಳ್ಳಬೇಕಾದ ಸಾಮಾನು

2.5 ಇಂಚಿನ ಸಾಟಾ ಎಸ್‌ಎಸ್‌ಡಿ ಎರಡು, 240 ಜಿಬಿಯವು ಸಾಕು. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಡಿಸ್ಕ್. ಒಂದು ಓಡಿಸಲು, ಇನ್ನೊಂದು ನಕಲಿಗೆ. ಎನ್‌ವಿಎಂಇ ಎಂದು ಬರೆದಿರುವ, ಚೂಯಿಂಗ್ ಗಮ್ ಪಟ್ಟಿಯಂತಹ ಎಸ್‌ಎಸ್‌ಡಿ ತರಬೇಡಿ, ವಿಂಡೋಸ್ 7ಕ್ಕೆ ಅದು ನೇರವಾಗಿ ಕಾಣುವುದಿಲ್ಲ. ರ‍್ಯಾಮ್ 4 ಜಿಬಿ ಇದ್ದರೆ ಸಾಕು. ಹಾಕಿಸುವುದಾದರೆ ಲ್ಯಾಪ್‌ಟಾಪಿನ ಡಿಡಿಆರ್3ಎಲ್ ಎನ್ನಿ, ಆ "ಎಲ್" ಮುಖ್ಯ. 8 ಜಿಬಿಯ ಎರಡು ಪೆನ್‌ಡ್ರೈವ್ ಬೇಕು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಡ್ರೈವರ್ ಮತ್ತು ಅಪ್‌ಡೇಟ್. ಸಿಆರ್2032 ಗುಂಡಿ ಬ್ಯಾಟರಿ ಒಂದು. ಇಷ್ಟು ವರ್ಷ ಹಳೆಯ ಪೆಟ್ಟಿಗೆಯಲ್ಲಿ ಅದು ಬಹುಶಃ ಸತ್ತಿರುತ್ತದೆ, ಸತ್ತರೆ ಕರೆಂಟು ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿ ಆಕ್ಟಿವೇಶನ್ನಿನಿಂದ ಹಿಡಿದು ಎಲ್ಲವೂ ತಕರಾರು ಮಾಡುತ್ತವೆ. ಪೆಟ್ಟಿಗೆ ಬಿಚ್ಚಿದ್ದೇ ಆದರೆ ಫ್ಯಾನಿನ ಧೂಳು ತೆಗೆದು ಪ್ರೊಸೆಸರಿನ ಥರ್ಮಲ್ ಪೇಸ್ಟ್ ಹೊಸದು ಹಚ್ಚಿ.

32 ಬಿಟ್ಟೋ 64 ಬಿಟ್ಟೋ? ಈ ಕೆಲಸಕ್ಕೆ 32 ಬಿಟ್ಟೇ ಸರಿ. ಹಳೆ ಡಾಂಗಲ್, ಹಳೆ ಪ್ರಿಂಟರುಗಳ ಡ್ರೈವರ್ ಅನೇಕ ಸಲ 32 ಬಿಟ್ಟಿಗೆ ಮಾತ್ರ ಇರುತ್ತದೆ. ಡಾಸ್ ಪ್ರೋಗ್ರಾಂ ಮತ್ತು ಇತರ 16 ಬಿಟ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸಿನಲ್ಲಿ ಓಡುವುದೇ ಇಲ್ಲ. ನಷ್ಟ ಇರುವುದು ಒಂದೇ, 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಬಳಕೆಗೆ ಸಿಗುವುದಿಲ್ಲ, ಅದರಲ್ಲೂ ಒಂದು ಪಾಲು ಕಾಣೆಯಾಗುತ್ತದೆ. ಪೇಜ್‌ಮೇಕರಿಗೆ ಅದರಿಂದ ಏನೂ ಆಗದು. ಸ್ಟಿಕ್ಕರಿನ ಕೀ ಅದೇ ಎಡಿಶನ್ನಿನ 32ಕ್ಕೂ 64ಕ್ಕೂ ಆಗುತ್ತದೆ.

ವಿಂಡೋಸ್ 7ರ ಡಿವಿಡಿ ಸರ್ವಿಸ್ ಪ್ಯಾಕ್ 1 (ಅಪ್‌ಡೇಟುಗಳ ದೊಡ್ಡ ಗಂಟು) ಸೇರಿದ್ದೇ ಆಗಿರಲಿ. ಸ್ವಂತ ಡಿವಿಡಿ ಇದ್ದರೆ ಅದರಿಂದಲೇ ಐಎಸ್‌ಒ ಫೈಲ್ ಮಾಡಿಕೊಳ್ಳಿ, ಅಂದರೆ ಇಡೀ ಡಿಸ್ಕಿನ ಒಂದೇ ಫೈಲಿನ ನಕಲು. "ಎಲ್ಲ ಅಪ್‌ಡೇಟ್ ಸೇರಿದ, ಕೀ ಬೇಡದ ವಿಂಡೋಸ್ 7" ಎಂದು ಸಿಗುವ ಫೈಲುಗಳನ್ನು ಮುಟ್ಟಬೇಡಿ. ಅದರೊಳಗೆ ಯಾರು ಏನು ಇಟ್ಟಿದ್ದಾರೆ ಎಂದು ಬಿಚ್ಚಿ ನೋಡಲು ನಮ್ಮಿಂದಾಗದು, ಗಿರಾಕಿಗಳ ಪೆನ್‌ಡ್ರೈವ್ ದಿನಾ ಚುಚ್ಚುವ ಯಂತ್ರ ಇದು.

ಹಂತ 1: ಪೆನ್‌ಡ್ರೈವ್ ತಯಾರಿ

ಹೊಸ ವಿಂಡೋಸ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ರೂಫಸ್ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಇರುವ ಕಂಪ್ಯೂಟರೂ ವಿಂಡೋಸ್ 7ರದ್ದೇ ಆದರೆ ರೂಫಸ್ 3.22 ಬೇಕು, 4ರಿಂದ ಮುಂದಿನದು ಅದರಲ್ಲಿ ಓಡುವುದಿಲ್ಲ. ಐಎಸ್‌ಒ ಆರಿಸಿ, ಪಾರ್ಟಿಶನ್ ಸ್ಕೀಮ್ ಎಂಬಲ್ಲಿ ಎಂಬಿಆರ್, ಟಾರ್ಗೆಟ್ ಸಿಸ್ಟಂ ಎಂಬಲ್ಲಿ ಬಯಾಸ್, ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್. ಎಂಬಿಆರ್ ಅಂದರೆ ಡಿಸ್ಕನ್ನು ಭಾಗ ಮಾಡುವ ಹಳೆ ಪದ್ಧತಿ, ಜಿಪಿಟಿ ಹೊಸದು. 32 ಬಿಟ್ ವಿಂಡೋಸ್ 7ಕ್ಕೆ ಹಳೆಯದೇ ಬೇಕು. ಸ್ಟಾರ್ಟ್ ಒತ್ತಿದರೆ ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಯುತ್ತದೆ.

ಎರಡನೇ ಪೆನ್‌ಡ್ರೈವಿಗೆ ಆ ಮಾದರಿಯ ಡ್ರೈವರುಗಳನ್ನು ಲೆನೊವೊ, ಡೆಲ್ ಅಥವಾ ಎಚ್‌ಪಿ ಸಪೋರ್ಟ್ ಪುಟದಿಂದಲೇ ಇಳಿಸಿ: ಚಿಪ್‌ಸೆಟ್, ನೆಟ್‌ವರ್ಕ್, ಗ್ರಾಫಿಕ್ಸ್, ಯುಎಸ್‌ಬಿ 3.0, ಆಡಿಯೊ. ಆಪರೇಟಿಂಗ್ ಸಿಸ್ಟಂ ಎಂಬಲ್ಲಿ ವಿಂಡೋಸ್ 7, 32 ಬಿಟ್ ಎಂದು ಆರಿಸುವುದನ್ನು ಮರೆಯಬೇಡಿ. ನೆಟ್‌ವರ್ಕ್ ಡ್ರೈವರನ್ನು ಮೊದಲೇ ಇಳಿಸಲು ಕಾರಣ, ಈ ಪೆಟ್ಟಿಗೆಗಳ ಲ್ಯಾನ್ (ಕೇಬಲ್ ನೆಟ್‌ವರ್ಕ್) ಭಾಗ ವಿಂಡೋಸ್ 7ರ ಡಿವಿಡಿಗೆ ಗೊತ್ತಿಲ್ಲದೆ ಇರಬಹುದು. ಜೊತೆಗೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಿಂದ ಹಂತ 5ರಲ್ಲಿ ಹೇಳಿರುವ ಅಪ್‌ಡೇಟುಗಳು.

ಹಂತ 2: ಬಯಾಸ್ ಸೆಟ್ಟಿಂಗ್

ಆನ್ ಮಾಡಿದ ಕೂಡಲೇ ಲೆನೊವೊದಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತುತ್ತಾ ಇರಿ. ಒಳಗೆ ಹೋದ ಮೇಲೆ ದಿನಾಂಕ, ಸಮಯ ಸರಿ ಮಾಡಿ. ಆಮೇಲೆ ಮೂರು ಬದಲಾವಣೆ.

ಸೆಕ್ಯೂರ್ ಬೂಟ್ ಆಫ್. ಸಹಿ ಇರುವ ಹೊಸ ವಿಂಡೋಸನ್ನಷ್ಟೇ ಏಳಲು ಬಿಡುವ ಕಾವಲು ಅದು, ವಿಂಡೋಸ್ 7ಕ್ಕೆ ಒಗ್ಗದು.

ಬೂಟ್ ಮೋಡ್ ಲೆಗಸಿ, ಅಂದರೆ ಹಳೆ ಪದ್ಧತಿಯ ಬೂಟ್. ಲೆನೊವೊದಲ್ಲಿ ಮೊದಲು ಎಕ್ಸಿಟ್ ಪುಟದಲ್ಲಿ ಓಎಸ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಎಂಬುದನ್ನು ಡಿಸೇಬಲ್ ಮಾಡಿ, ನಂತರ ಸಿಎಸ್‌ಎಂ ಎನೇಬಲ್ ಮಾಡಿ ಲೆಗಸಿ ಓನ್ಲಿ ಆರಿಸಿ. ಡೆಲ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲಷ್ಟೇ ಲೆಗಸಿ ಆಪ್ಶನ್ ರೋಮ್ಸ್ ಆನ್ ಮಾಡಲು ಬಿಡುತ್ತದೆ. ಎಚ್‌ಪಿಯಲ್ಲಿ ಸೇವ್ ಮಾಡಿ ಹೊರಬಂದಾಗ ಪರದೆಯ ಮೇಲೆ ನಾಲ್ಕಂಕಿಯ ಸಂಖ್ಯೆ ತೋರಿಸಿ ಅದನ್ನು ಟೈಪ್ ಮಾಡಲು ಹೇಳುತ್ತದೆ. ಏನೋ ಎರರ್ ಎಂದುಕೊಂಡು ಎಸ್ಕೇಪ್ ಒತ್ತಿದರೆ ಬದಲಾವಣೆ ಉಳಿಯುವುದಿಲ್ಲ.

ಸಾಟಾ ಮೋಡ್ ಎಎಚ್‌ಸಿಐ. ಇದು ಎಸ್‌ಎಸ್‌ಡಿಯೊಡನೆ ಕಂಪ್ಯೂಟರ್ ಮಾತಾಡುವ ಪದ್ಧತಿ. ಡೆಲ್ ಪೆಟ್ಟಿಗೆಗಳಲ್ಲಿ ಅನೇಕ ಸಲ ರೇಡ್ ಆನ್ ಎಂದಿರುತ್ತದೆ. ಇದನ್ನು ಈಗಲೇ ಬದಲಿಸಬೇಕು. ವಿಂಡೋಸ್ ಹಾಕಿದ ಮೇಲೆ ಬದಲಿಸಿದರೆ ನೀಲಿ ಪರದೆ ಬಂದು 7ಬಿ ಎಂದು ಕೊನೆಯಾಗುವ ಎರರ್ ಕೋಡ್ ತೋರಿಸಿ ಬೂಟ್ ಆಗುವುದೇ ನಿಲ್ಲುತ್ತದೆ.

ಹಂತ 3: ಇನ್‌ಸ್ಟಾಲ್

ಎಲ್ಲ ಜೋಡಣೆಯೂ ಕಪ್ಪು ಬಾಯಿಯ ಯುಎಸ್‌ಬಿ 2.0 ಪೋರ್ಟಿಗೆ ಇರಲಿ, ಪೆನ್‌ಡ್ರೈವ್, ಕೀಬೋರ್ಡ್, ಮೌಸ್ ಮೂರೂ. ನೀಲಿ ಬಾಯಿಯದು ಯುಎಸ್‌ಬಿ 3.0, ಈಗ ಅದು ಬೇಡ. ಎಲ್ಲವೂ ನೀಲಿಯೇ ಆದರೆ ಬಯಾಸಿನಲ್ಲಿ ಯುಎಸ್‌ಬಿ 3.0 ಅಥವಾ ಎಕ್ಸ್‌ಎಚ್‌ಸಿಐ ಎಂಬುದನ್ನು ತಾತ್ಕಾಲಿಕವಾಗಿ ಆಫ್ ಮಾಡಿ. ಲ್ಯಾನ್ ಕೇಬಲ್ ಕಳಚಿಡಿ. ಬೂಟ್ ಮೆನುವಿಗೆ ಲೆನೊವೊ ಮತ್ತು ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ಇಲ್ಲಿ ಎಡವುವ ಜಾಗಗಳು ಗೊತ್ತಿದ್ದರೆ ಕೆಲಸ ಸಲೀಸು.

"ಸಿಡಿ, ಡಿವಿಡಿ ಡ್ರೈವಿನ ಡ್ರೈವರ್ ಇಲ್ಲ" ಎಂಬ ಅರ್ಥದ ಸಂದೇಶ ಬರಬಹುದು. ಡಿವಿಡಿ ಡ್ರೈವೇ ಇಲ್ಲದ ಪೆಟ್ಟಿಗೆಯಲ್ಲಿ ಇದು ಬಂದರೆ ಯಾರಿಗಾದರೂ ತಲೆ ಕೆಡುತ್ತದೆ. ಹೆಚ್ಚಿನ ಸಲ ಅದರ ನಿಜವಾದ ಅರ್ಥ, ಪೆನ್‌ಡ್ರೈವ್ ಯುಎಸ್‌ಬಿ 3.0 ಪೋರ್ಟಿನಲ್ಲಿದೆ, ಬೂಟ್ ಆದ ಮೇಲೆ ವಿಂಡೋಸಿಗೆ ಅದು ಕಾಣುತ್ತಿಲ್ಲ. ಕ್ಯಾನ್ಸಲ್ ಒತ್ತಿ ಮೊದಲ ಪರದೆಗೆ ಬನ್ನಿ, ಪೆನ್‌ಡ್ರೈವ್ ತೆಗೆದು ಬೇರೆ ಪೋರ್ಟಿಗೆ ಹಾಕಿ, ಇನ್‌ಸ್ಟಾಲ್ ನೌ ಮತ್ತೆ ಒತ್ತಿ.

ಡಿಸ್ಕ್ ಆರಿಸುವಲ್ಲಿ ಕಸ್ಟಂ ಎಂಬ ದಾರಿ ಹಿಡಿದು, ಹಳೆ ಪಾರ್ಟಿಶನ್‌ಗಳನ್ನು ಪೂರ್ತಿ ಅಳಿಸಿ, ಖಾಲಿ ಜಾಗ ಆರಿಸಿ ಮುಂದೆ ಹೋಗಿ. 100 ಎಂಬಿಯ ಸಣ್ಣ ಭಾಗವನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಜಿಪಿಟಿ ಡಿಸ್ಕ್ ಎಂದು ತಡೆದರೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್ ಎಂಬ ನಾಲ್ಕು ಆದೇಶಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೊಡಿ. ಲಿಸ್ಟ್ ಡಿಸ್ಕ್ ತೋರಿಸುವ ಗಾತ್ರ ನೋಡಿ ಎಸ್‌ಎಸ್‌ಡಿಯ ಸಂಖ್ಯೆ ಯಾವುದೆಂದು ಖಚಿತ ಮಾಡಿಕೊಂಡೇ ಮುಂದುವರಿಯಿರಿ, ಕ್ಲೀನ್ ಎಂದ ಮೇಲೆ ಹಿಂದೆ ಬರಲಾಗದು. ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಈ ಹೊತ್ತಿನಲ್ಲಿ ಜೋಡಿಸಿಡಲೇಬೇಡಿ.

ಸಿಸ್ಟಂ ಪಾರ್ಟಿಶನ್ ಮಾಡಲಾಗಲಿಲ್ಲ ಎಂದರೆ ಬೂಟ್ ಕ್ರಮದಲ್ಲಿ ಪೆನ್‌ಡ್ರೈವ್ ಮೊದಲಿದೆ ಎಂದರ್ಥ. ಬಯಾಸಿನಲ್ಲಿ ಎಸ್‌ಎಸ್‌ಡಿಯನ್ನು ಮೇಲಕ್ಕೆ ತಂದು, ಪೆನ್‌ಡ್ರೈವನ್ನು ಬೂಟ್ ಮೆನುವಿನಿಂದ ಮಾತ್ರ ಆರಿಸಿ. ಮೊದಲ ರೀಸ್ಟಾರ್ಟ್ ಆದಾಗ ಮತ್ತೆ ಭಾಷೆ ಆರಿಸುವ ಪರದೆಯೇ ಬಂದರೆ ಕಾರಣ ಅದೇ, ಪೆನ್‌ಡ್ರೈವ್ ತೆಗೆದು ಇನ್ನೊಮ್ಮೆ ಆನ್ ಮಾಡಿ.

ಅಪ್‌ಡೇಟ್ ಬಗ್ಗೆ ಕೇಳಿದಾಗ "ಆಮೇಲೆ ಕೇಳು" ಎಂಬುದನ್ನೇ ಆರಿಸಿ.

ಹಂತ 4: ಡ್ರೈವರ್

ಕ್ರಮ ಮುಖ್ಯ: ಮೊದಲು ಚಿಪ್‌ಸೆಟ್, ರೀಸ್ಟಾರ್ಟ್, ಯುಎಸ್‌ಬಿ 3.0, ನಂತರ ಗ್ರಾಫಿಕ್ಸ್, ಲ್ಯಾನ್, ಆಡಿಯೊ. ಬಯಾಸಿನಲ್ಲಿ ಎಕ್ಸ್‌ಎಚ್‌ಸಿಐ ಆಫ್ ಮಾಡಿದ್ದರೆ ಯುಎಸ್‌ಬಿ 3.0 ಡ್ರೈವರಿಗಿಂತ ಮೊದಲು ಪುನಃ ಆನ್ ಮಾಡಿ, ಆಫ್ ಇದ್ದಾಗ ಆ ಡ್ರೈವರ್ ಕೂರುವುದಿಲ್ಲ. ಕೀಬೋರ್ಡ್ ಮಾತ್ರ ಕಪ್ಪು ಪೋರ್ಟಿನಲ್ಲೇ ಇರಲಿ. ಕೊನೆಗೆ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಯಾವುದಕ್ಕೂ ಇಲ್ಲವೆಂದು ನೋಡಿ.

ಹಂತ 5: ಅಪ್‌ಡೇಟ್

ಹೊಸದಾಗಿ ಹಾಕಿದ ವಿಂಡೋಸ್ 7ರಲ್ಲಿ ವಿಂಡೋಸ್ ಅಪ್‌ಡೇಟ್ ಒತ್ತಿದರೆ ಎರರ್ ಮಾತ್ರ ಬರುತ್ತದೆ. ಮೈಕ್ರೋಸಾಫ್ಟ್ ತನ್ನ ಫೈಲುಗಳ ಡಿಜಿಟಲ್ ಸಹಿಯನ್ನು ಎಸ್‌ಎಚ್‌ಎ-2 ಎಂಬ ಹೊಸ ಪದ್ಧತಿಗೆ ಬದಲಾಯಿಸಿ, 2020ರಲ್ಲಿ ಹಳೆ ಪದ್ಧತಿಯ ಸೇವೆ ನಿಲ್ಲಿಸಿತು. ಹೊಸ ಸಹಿ ಓದಲು ಬರದ ವಿಂಡೋಸಿಗೆ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಪೆನ್‌ಡ್ರೈವಿನಿಂದ ಈ ಕ್ರಮದಲ್ಲಿ ಹಾಕಿ (ಕೆಬಿ ಎಂಬುದು ಮೈಕ್ರೋಸಾಫ್ಟ್ ಅಪ್‌ಡೇಟಿಗೆ ಕೊಡುವ ಗುರುತು ಸಂಖ್ಯೆ):

1. ಕೆಬಿ3020369
2. ಕೆಬಿ3125574, ಸರ್ವಿಸ್ ಪ್ಯಾಕ್ 1ರ ನಂತರ 2016ರ ಏಪ್ರಿಲ್‌ವರೆಗಿನ ಬಹುತೇಕ ಅಪ್‌ಡೇಟುಗಳ ಒಂದೇ ಗಂಟು
3. ಕೆಬಿ4490628
4. ಕೆಬಿ4474419, ಹೊಸ ಸಹಿ ಓದಲು ಕಲಿಸುವುದು ಇದು
5. ಕೆಬಿ4534310, ಬೆಂಬಲ ಮುಗಿದ 2020 ಜನವರಿ 14ರಂದು ಎಲ್ಲರಿಗೂ ಉಚಿತವಾಗಿ ಬಂದ ಕೊನೆಯ ಮಾಸಿಕ ಗಂಟು
6. ಕೆಬಿ4539602

ಕೇಳಿದಾಗಲೆಲ್ಲ ರೀಸ್ಟಾರ್ಟ್ ಮಾಡಿ. ಆರನೆಯದು ಯಾಕೆಂದರೆ ಐದನೆಯದು ಹಾಕಿದ ಮೇಲೆ ಸ್ಟ್ರೆಚ್ ಮಾಡಿದ ವಾಲ್‌ಪೇಪರ್ ಕಪ್ಪಾಗುವ ದೋಷ ಇತ್ತು, ಇದು ಅದರ ಮದ್ದು. "ಅಪ್‌ಡೇಟ್ ಹುಡುಕುತ್ತಿದೆ" ಎಂದು ಗಂಟೆಗಟ್ಟಲೆ ನಿಂತರೆ ಇಂಟರ್ನೆಟ್ ಜೋಡಿಸಿರಬಹುದು. ಕೇಬಲ್ ಕಳಚಿ, ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟನ್ನು ಸ್ಟಾಪ್ ಮಾಡಿ ಮತ್ತೆ ಆರಂಭಿಸಿ.

₹ ಚಿಹ್ನೆ ಬದಲು ಚೌಕ ಕಂಡರೆ ಕೆಬಿ2496898 ಕೂಡ ಹಾಕಿ. ರೂಪಾಯಿ ಚಿಹ್ನೆ ಸರಕಾರ ಒಪ್ಪಿದ್ದು 2010ರಲ್ಲಿ, ವಿಂಡೋಸ್ 7 ಬಂದದ್ದು 2009ರಲ್ಲಿ. ರಶೀದಿ ಪುಸ್ತಕ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಆಕ್ಟಿವೇಶನ್ ಈಗ ಮಾಡಿಕೊಳ್ಳಿ, ಇದಕ್ಕಷ್ಟೇ ಇಂಟರ್ನೆಟ್ ಜೋಡಿಸಿ.

ಹಂತ 6: ಪ್ರಿಂಟರ್, ಡಾಂಗಲ್, ಪೇಜ್‌ಮೇಕರ್

ಮೊದಲು ಪ್ರಿಂಟರ್, ಆಮೇಲೆ ಪೇಜ್‌ಮೇಕರ್. ಪೇಜ್‌ಮೇಕರ್ ಪುಟದ ಜೋಡಣೆಯನ್ನು ಪ್ರಿಂಟರಿಗೆ ಅನುಗುಣವಾಗಿ ಮಾಡಿಕೊಳ್ಳುತ್ತದೆ, ಡಿಫಾಲ್ಟ್ ಪ್ರಿಂಟರೇ ಇಲ್ಲದಿದ್ದರೆ ಕಿರಿಕಿರಿ. ಹಳೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಯುಎಸ್‌ಬಿ–ಪ್ಯಾರಲಲ್ ಕೇಬಲಿನಲ್ಲಿ ಜೋಡಿಸುವುದಾದರೆ, ಪ್ರಿಂಟರ್ ಸೇರಿಸುವಾಗ ಪೋರ್ಟ್ ಎಲ್‌ಪಿಟಿ1 ಅಲ್ಲ, ಯುಎಸ್‌ಬಿ001 ಎಂದಿರಬೇಕು.

ಡಾಂಗಲ್ ಚುಚ್ಚುವುದು ಅದರ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ ನಂತರ. ಮೊದಲೇ ಚುಚ್ಚಿದರೆ ವಿಂಡೋಸ್ ಅದನ್ನು ಗುರುತು ಸಿಗದ ಸಾಧನ ಎಂದು ಬರೆದುಕೊಂಡುಬಿಡುತ್ತದೆ. ಹಾಗೇನಾದರೂ ಆಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಾಂಗಲ್ ಕಳಚಿ, ಡ್ರೈವರ್ ಹಾಕಿ, ಮತ್ತೆ ಚುಚ್ಚಿ. ಡಾಂಗಲಿಗೆ ಪೆಟ್ಟಿಗೆಯ ಹಿಂಬದಿಯ ಪೋರ್ಟ್ ಒಳ್ಳೆಯದು, ಎದುರಿನದ್ದಕ್ಕೆ ದಿನಾ ಯಾರದ್ದಾದರೂ ಕೈ ತಾಗುತ್ತದೆ. ಅದು ಮುರಿದರೆ ತಂತ್ರಾಂಶವೇ ಹೋದಂತೆ.

ಪೇಜ್‌ಮೇಕರನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ. ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿ. ಪ್ರೋಗ್ರಾಂ ಫೈಲ್ಸ್ ಒಳಗೆ ಹಳೆ ತಂತ್ರಾಂಶ ಬರೆಯಲು ಹೋದದ್ದನ್ನು ವಿಂಡೋಸ್ 7 ಗುಟ್ಟಾಗಿ ಬೇರೆ ಫೋಲ್ಡರಿಗೆ ತಿರುಗಿಸುತ್ತದೆ, ಆಗ ಸೆಟ್ಟಿಂಗ್ ಉಳಿಯುತ್ತಿಲ್ಲ ಎಂಬ ದೂರು ಶುರು. ಐಕಾನಿನ ಪ್ರಾಪರ್ಟೀಸ್‌ನಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ಕಂಪ್ಯಾಟಿಬಿಲಿಟಿ ಆರಿಸಿ.

ಫಾಂಟುಗಳನ್ನು ಹೊಸದಾಗಿ ಇಳಿಸುವುದಕ್ಕಿಂತ ಹಳೆ ಹಾರ್ಡ್ ಡಿಸ್ಕಿನ ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದಲೇ ನುಡಿ, ಶ್ರೀಲಿಪಿ, ಎಂಎಲ್ ಫಾಂಟುಗಳನ್ನು ನಕಲು ಮಾಡಿ. ಹೆಸರು ಒಂದೇ ಇದ್ದರೂ ಆವೃತ್ತಿ ಬೇರೆಯಾದರೆ ಒತ್ತಕ್ಷರದ ಅಗಲ ಕೂದಲೆಳೆಯಷ್ಟು ಬದಲಾಗಿ ಸಾಲುಗಳು ಮುರಿಯುವ ಜಾಗ ತಪ್ಪುತ್ತದೆ. ಹಳೆ ಫೈಲ್ ತೆರೆದಾಗ ಪ್ಯಾನೋಸ್ ಫಾಂಟ್ ಮ್ಯಾಚಿಂಗ್ ಎಂಬ ಕಿಟಕಿ ಬಂದರೆ ಅಲ್ಲೇ ನಿಲ್ಲಿ. ಯಾವ ಫಾಂಟ್ ಇಲ್ಲ ಎಂದು ಅದು ಹೆಸರು ಸಮೇತ ಹೇಳುತ್ತಿದೆ. ಹೆಸರು ಬರೆದುಕೊಂಡು, ಫೈಲನ್ನು ಸೇವ್ ಮಾಡದೆ ಮುಚ್ಚಿ, ಆ ಫಾಂಟ್ ಹಾಕಿ ಮತ್ತೆ ತೆರೆಯಿರಿ. ಓಕೆ ಒತ್ತಿ ಸೇವ್ ಮಾಡಿದರೆ ಕನ್ನಡ ಇದ್ದಲ್ಲೆಲ್ಲ ಬೇರೆ ಫಾಂಟ್ ಅಂಟಿಕೊಂಡುಬಿಡಬಹುದು.

ಯೂನಿಕೋಡ್ ಕನ್ನಡ, ಮಲಯಾಳಕ್ಕೆ ವಿಂಡೋಸ್ 7ರಲ್ಲಿ ತುಂಗಾ, ಕಾರ್ತಿಕ ಫಾಂಟುಗಳು ಇದ್ದೇ ಇವೆ. ಕೀಬೋರ್ಡನ್ನು ಕಂಟ್ರೋಲ್ ಪ್ಯಾನೆಲಿನ ರೀಜನ್ ಅಂಡ್ ಲ್ಯಾಂಗ್ವೇಜ್‌ನಲ್ಲಿ ಸೇರಿಸಿದರೆ ಸಾಕು. ಆದರೆ ಹೊಸ ಕಂಪ್ಯೂಟರುಗಳಿಂದ ಬರುವ ವರ್ಡ್ ಫೈಲುಗಳಲ್ಲಿರುವ ನಿರ್ಮಲಾ ಫಾಂಟ್ ಇದರಲ್ಲಿ ಇಲ್ಲ, ಹಾಗಾಗಿ ಪುಟದ ಅಳತೆ ವ್ಯತ್ಯಾಸ ಆಗುತ್ತದೆ. ಗಿರಾಕಿಗಳಿಗೆ ಪಿಡಿಎಫ್ ಕಳಿಸಲು ಹೇಳಿ.

ಡಾಸ್ ಬಿಲ್ಲಿಂಗ್ ಇರುವವರಿಗೆ ಒಂದು ಮಾತು: ಗ್ರಾಫಿಕ್ಸ್ ಡ್ರೈವರ್ ಹಾಕಿದ ಮೇಲೆ ಡಾಸ್ ಪ್ರೋಗ್ರಾಂ ಪೂರ್ತಿ ಪರದೆಗೆ ಬರುವುದಿಲ್ಲ, ಕಿಟಕಿಯಲ್ಲೇ ಓಡಬೇಕು. ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿದರೆ ಕಣ್ಣಿಗೆ ಹಿತ.

ಹಂತ 7: ಇಂಟರ್ನೆಟ್ಟಿನಿಂದ ದೂರ, ಪಕ್ಕದ ಕಂಪ್ಯೂಟರಿಗೆ ಹತ್ತಿರ

ಬೆಂಬಲ ಮುಗಿದ ವಿಂಡೋಸಿನಲ್ಲಿ ಬ್ಯಾಂಕ್, ಇಮೇಲ್, ವಾಟ್ಸಪ್ ವೆಬ್ ಬೇಡ. ಕ್ರೋಮ್ ಇದಕ್ಕೆ 109ರಲ್ಲೇ ನಿಂತಿದೆ. ಆದರೆ ಗಿರಾಕಿ ವಾಟ್ಸಪ್‌ನಲ್ಲಿ ಕಳಿಸಿದ ಫೋಟೊ ಪೇಜ್‌ಮೇಕರಿಗೆ ಬರಬೇಕಲ್ಲ? ಹೊಸ ಕಂಪ್ಯೂಟರ್ ಒಂದಿದ್ದರೆ ಎರಡನ್ನೂ ಒಂದೇ ರೂಟರಿಗೆ ಜೋಡಿಸಿ. ವಿಂಡೋಸ್ 7ರಲ್ಲಿ ಐಪಿ ವಿಳಾಸ ಕೈಯಿಂದ ಕೊಡಿ. ರೂಟರ್ 192.168.1.1 ಆಗಿದ್ದರೆ, ಬೇರೆ ಯಾವುದಕ್ಕೂ ಕೊಟ್ಟಿರದ 192.168.1.250ರಂತಹದ್ದು, ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಮತ್ತು ಡಿಎನ್‌ಎಸ್ ಖಾಲಿ ಬಿಡಿ, ಐಪಿವಿ6ರ ಟಿಕ್ ತೆಗೆಯಿರಿ. ಗೇಟ್‌ವೇ ಅಂದರೆ ಹೊರಗೆ ಹೋಗುವ ಬಾಗಿಲು. ಅದರ ವಿಳಾಸವೇ ಗೊತ್ತಿಲ್ಲದ ಕಂಪ್ಯೂಟರ್ ಪಕ್ಕದವರೊಡನೆ ಮಾತಾಡುತ್ತದೆ, ಇಂಟರ್ನೆಟ್ಟಿಗೆ ಹೋಗುವುದಿಲ್ಲ.

ಶೇರ್ ಫೋಲ್ಡರನ್ನು ಹೊಸ ಕಂಪ್ಯೂಟರಿನಲ್ಲಿ ಮಾಡಿ. ಅದಕ್ಕೆಂದೇ ಪಾಸ್‌ವರ್ಡ್ ಇರುವ ಲೋಕಲ್ ಬಳಕೆದಾರನನ್ನು ಸೇರಿಸಿ, ಆ ಹೆಸರಿನಲ್ಲಿ ವಿಂಡೋಸ್ 7ರಿಂದ ತೆರೆಯಿರಿ. ವಿಂಡೋಸ್ 11ರ ಪಿನ್ ಇಲ್ಲಿ ನಡೆಯುವುದಿಲ್ಲ. ಎಸ್‌ಎಂಬಿ1 ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಫೈಲ್ ಹಂಚಿಕೊಳ್ಳುವ ಹಳೆ ಪದ್ಧತಿ, ಎಕ್ಸ್‌ಪಿ ಕಾಲದ ತೂತು. ವಿಂಡೋಸ್ 7ಕ್ಕೆ ಅದರ ಅಗತ್ಯವಿಲ್ಲ.

ಪೆನ್‌ಡ್ರೈವುಗಳ ಆಟೊಪ್ಲೇಯನ್ನು ಕಂಟ್ರೋಲ್ ಪ್ಯಾನೆಲಿನಲ್ಲಿ ಆಫ್ ಮಾಡಿ. ಗಿರಾಕಿಯ ಪೆನ್‌ಡ್ರೈವ್ ಹೊಸ ಕಂಪ್ಯೂಟರಿಗೆ ಹೋಗಲಿ, ಅಲ್ಲಿ ಸ್ಕ್ಯಾನ್ ಆಗಿ ಇಲ್ಲಿಗೆ ಬರಲಿ.

ಹಂತ 8: ಕರೆಂಟು, ಸಿಡಿಲು, ನಕಲು

ಮಿನಿ ಪಿಸಿಗೂ ಮಾನಿಟರಿಗೂ 600 ವಿಎ ಯುಪಿಎಸ್ ಸಾಕು. ಸಾಮಾನ್ಯ ಡೆಸ್ಕ್‌ಟಾಪಿಗಿಂತ ಕರೆಂಟು ಕಡಿಮೆ ಎಳೆಯುವುದರಿಂದ ಸೇವ್ ಮಾಡಿ ಮುಚ್ಚಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಆ ಯುಪಿಎಸ್ಸಿಗೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗುತ್ತದೆ. ತುಲಾ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದರೆ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ಕೇಬಲೂ ಕಳಚಿ. ಸಿಡಿಲು ತಂತಿಯ ದಾರಿಯಲ್ಲಿ ಬಂದು ಲ್ಯಾನ್ ಪೋರ್ಟ್ ಸುಡುವುದು ನಮ್ಮ ಕಡೆ ಹೊಸತಲ್ಲ, ಮಿನಿ ಪಿಸಿಯಲ್ಲಿ ಲ್ಯಾನ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ.

ಎಲ್ಲ ಸರಿಯಾಗಿ ಓಡುತ್ತಿದೆಯಾ ಎಂದು ಎರಡೂ ಭಾಷೆಯ ಒಂದು ಹಳೆ ಫೈಲ್ ತೆರೆದು, ಪ್ರಿಂಟ್ ತೆಗೆದು, ಹಳೆ ಪ್ರತಿಯ ಪಕ್ಕ ಇಟ್ಟು ನೋಡಿ. ಸಾಲುಗಳು ಒಂದೇ ಕಡೆ ಮುರಿದಿದ್ದರೆ ಮಾತ್ರ ಮುಂದಿನ ಕೆಲಸ: ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದಿಂದ ಇಡೀ ಎಸ್‌ಎಸ್‌ಡಿಯನ್ನು ಎರಡನೇ ಎಸ್‌ಎಸ್‌ಡಿಗೆ ನಕಲು ಮಾಡಿ. ಎರಡನೆಯದರ ಗಾತ್ರ ಮೊದಲನೆಯದಕ್ಕಿಂತ ಕಡಿಮೆ ಇರಬಾರದು. ಯಾವುದು ಮೂಲ, ಯಾವುದು ನಕಲು ಎಂದು ಅದು ಕೇಳುವಾಗ ಮಾದರಿಯ ಹೆಸರು ನೋಡಿಯೇ ಉತ್ತರಿಸಿ. ಎರಡೂ ಒಂದೇ ಕಂಪೆನಿಯದ್ದಾದರೆ ಇಲ್ಲಿ ತಪ್ಪುವುದು ಸುಲಭ, ಬೇರೆ ಬೇರೆ ಕಂಪೆನಿಯದ್ದು ತಂದರೆ ಗೊಂದಲವಿಲ್ಲ. ನಕಲನ್ನು ಒಮ್ಮೆ ಪೆಟ್ಟಿಗೆಯೊಳಗೆ ಹಾಕಿ ಬೂಟ್ ಮಾಡಿ ನೋಡಿದ ಮೇಲೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲ ಮುಗಿದಾಗಲೊಮ್ಮೆ ಅದನ್ನು ಜೋಡಿಸಿ ಹೊಸದಾಗಿ ನಕಲು ತೆಗೆಯಿರಿ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಎಸ್‌ಎಸ್‌ಡಿಯಲ್ಲಿ ಬರೆದದ್ದು ಅಳಿಸಿ ಹೋಗಲೂಬಹುದು. ಹಳೆ ಹಾರ್ಡ್ ಡಿಸ್ಕನ್ನು ಗುಜರಿಗೆ ಕೊಡುವ ಅವಸರ ಬೇಡ, ಒಂದು ಜಾತ್ರೆ, ಮದುವೆಗಳ ಸೀಸನ್ ಕಳೆಯಲಿ. ಅಪರೂಪದ ಫಾಂಟ್ ಬೇಕಾಗಿ ಬರುವುದು ಆಗಲೇ.